ಖಾಲಿ ಸೀಟಿನ ಸದ್ದು

ನಲವತ್ತು ದಾಟಿದರೂ ಮನೆಯಲ್ಲಿ ಅವಳ ಹೆಸರು ಸಣ್ಣಿ. ಅಕ್ಕನಿಗಿಂತ ಚಿಕ್ಕವಳು ಎಂಬ ಒಂದೇ ಕಾರಣಕ್ಕೆ ಅಂಟಿಕೊಂಡ ಹೆಸರು. ಅಕ್ಕ ಹೋದ ಮೇಲೂ ಬಿಡಲಿಲ್ಲ. ಹೊರಗಿನವರ ಪಾಲಿಗೆ ಅವಳು ಮನೆಗೇ ಬಂದು ಕೂದಲು ಕತ್ತರಿಸುವವಳು. ಅದೂ ಎಲ್ಲರದ್ದಲ್ಲ, ಹಾಸಿಗೆ ಬಿಟ್ಟು ಏಳಲಾರದವರದ್ದು ಮಾತ್ರ.

ಈ ಕಸುಬು ಅವಳಿಗೆ ಸಿಕ್ಕಿದ್ದು ಆಸ್ಪತ್ರೆಯ ವಾರ್ಡಿನಲ್ಲಿ. ಅದಕ್ಕೆ ಮುಂಚೆ ಅಕ್ಕತಂಗಿಯರಿಬ್ಬರೂ ಸೇರಿ ಮನೆಯ ಮುಂದಿನ ಕೋಣೆಯಲ್ಲಿ ಪಾರ್ಲರ್ ನಡೆಸುತ್ತಿದ್ದರು. ಎರಡು ಕುರ್ಚಿ, ಗೋಡೆಯಗಲದ ಕನ್ನಡಿ, ಯಾವಾಗಲೂ ಹಾಡುತ್ತಿದ್ದ ಒಂದು ರೇಡಿಯೊ. ಅಕ್ಕನ ಕೈ ಕತ್ತರಿಯಲ್ಲಿದ್ದರೆ ಬಾಯಿ ಬೀದಿಯ ಸುದ್ದಿಯಲ್ಲಿ. ಸಣ್ಣಿಗೆ ಮಾತು ಕಡಿಮೆ, ಕಿವಿ ಜಾಸ್ತಿ. ಅಕ್ಕನಿಗೆ ಕಾಯಿಲೆ ಬಂದು, ಔಷಧಿಯ ಕಾವಿಗೆ ಅವಳ ಕೂದಲು ಮುಷ್ಟಿಮುಷ್ಟಿಯಾಗಿ ದಿಂಬಿಗೆ ಅಂಟತೊಡಗಿದಾಗ, “ಬೇರೆ ಯಾರೂ ನನ್ನ ತಲೆ ಮುಟ್ಟೋದು ಬೇಡ. ನೀನೇ ತೆಗೆದುಬಿಡು” ಎಂದಳು. ಕುತ್ತಿಗೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮಂಚದ ಅಂಚಿಗೆ ಬಕೆಟ್ ಇಟ್ಟು, ಸಣ್ಣಿ ಅಕ್ಕನ ತಲೆ ಬೋಳಿಸಿದಳು. ಕೆಲಸ ಮುಗಿಯುವಷ್ಟರಲ್ಲಿ ಪಕ್ಕದ ಮಂಚದ ಹೆಂಗಸು ಕತ್ತು ಚಾಚಿ, “ನನಗೂ ಸ್ವಲ್ಪ ಜಡೆ ಬಿಡಿಸಿ ಕೊಡ್ತೀಯಾಮ್ಮ? ಮಲಗಿ ಮಲಗಿ ಗಂಟು ಬಿದ್ದುಹೋಗಿದೆ” ಎಂದು ಕೇಳಿದಳು. ಅದರ ನಂತರ ಅವಳ ಪಕ್ಕದವಳು. ಅಕ್ಕನೇ ಮಲಗಿದಲ್ಲಿಂದ ಗಿರಾಕಿ ಹಿಡಿದುಕೊಟ್ಟಳು. “ನಮ್ಮ ಸಣ್ಣಿ ಕೈ ಹೂವಿನ ಹಾಗೆ, ಗೊತ್ತೇ ಆಗಲ್ಲ” ಎಂದು ವಾರ್ಡಿಗೆಲ್ಲ ಸಾರುತ್ತಿದ್ದಳು.

ಅಕ್ಕ ತೀರಿಕೊಂಡಾಗ ಸಣ್ಣಿ ಅಳಲಿಲ್ಲ. ಮಾಡಬೇಕಾದ ಕೆಲಸಗಳು ಬೇಕಾದಷ್ಟಿದ್ದವು, ಒಂದೊಂದಾಗಿ ಮಾಡಿದಳು. ಪಾರ್ಲರಿನ ಬಾಗಿಲು ಮಾತ್ರ ಮತ್ತೆ ತೆರೆಯಲಿಲ್ಲ. ಹಾಸಿಗೆ ಹಿಡಿದವರ ಮನೆಗಳಿಂದ ಕರೆಗಳು ಬರುತ್ತಲೇ ಇದ್ದವು. ಮಡಚುವ ಬೇಸಿನ್ನು, ನೀರಿನ ಕ್ಯಾನು, ಟವೆಲ್ಲುಗಳ ಗಂಟು, ಉದುರಿದ ಕೂದಲು ಹೀರುವ ಪುಟ್ಟ ವ್ಯಾಕ್ಯೂಮು, ಇಷ್ಟನ್ನೆಲ್ಲ ಹೊತ್ತುಕೊಂಡು ಬಸ್ಸು ಹತ್ತಿ ಇಳಿದು ಅವಳ ಹೆಗಲು ಸೋತುಹೋಯಿತು.

“ಒಂದು ಸಣ್ಣ ಕಾರು ತಗೋ. ನಿಮ್ಮಕ್ಕ ಇದ್ದಿದ್ರೆ ಯಾವತ್ತೋ ತೆಗೆಸಿರೋಳು” ಎಂದ ಭಾವ.

ಭಾವ ಎಂದರೆ ಅಕ್ಕನ ಗಂಡ. ಎತ್ತರದ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವುದು ಅವನ ಕೆಲಸ. ಕೆಳಗಿನ ಮನೆ ಅವನದು, ಮೇಲಿನ ಕೋಣೆ ಸಣ್ಣಿಯದು; ಅಡುಗೆ ಒಂದೇ ಒಲೆಯಲ್ಲಿ. ನಗಿಸುವುದು ಅವನ ಹುಟ್ಟುಗುಣ. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರ ಜೊತೆ ಬಾಗಿಲಾಚೆಯಿಂದಲೇ ಹರಟುತ್ತ, ಅವರು ಹೆದರುವ ಮೊದಲೇ ಹೊರಗೆಳೆಯುವವನು ಎಂದು ಅವನ ಕಂಪನಿಯಲ್ಲಿ ಹೆಸರಿತ್ತು. ಹೆಂಡತಿ ಸತ್ತ ಮೇಲೂ ತಮಾಷೆ ಬಿಟ್ಟಿರಲಿಲ್ಲ. ಆದರೆ ಅದು ಮುಗಿದ ಕೂಡಲೇ ಅವನ ಮುಖ ದೀಪ ಆರಿಸಿದ ಹಾಗೆ ಆಗುತ್ತಿತ್ತು.

ಇಬ್ಬರೂ ಸೇರಿ ಹಳೇ ಕಾರು ಮಾರುವವನ ಅಂಗಳಕ್ಕೆ ಹೋದರು. ಮೋಡದ ಬಣ್ಣದ ಪುಟ್ಟ ಕಾರು, ಹಿಂದೆ ಮೇಲಕ್ಕೆತ್ತುವ ಬಾಗಿಲು, ಸಾಮಾನು ಇಡಲು ಹದವಾದ ಜಾಗ. “ಒಬ್ಬರೇ ಓಡ್ಸಿರೋದು ಮೇಡಂ, ಅದೂ ಡಾಕ್ಟರಮ್ಮ. ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ” ಎಂದ ಮಾರುವವನು. ಭಾವ ಟೈರಿಗೊಂದು ಒದೆ ಕೊಟ್ಟು, “ಲೋಕದಲ್ಲಿರೋ ಹಳೇ ಕಾರನ್ನೆಲ್ಲ ಡಾಕ್ಟರಮ್ಮಂದಿರೇ ಓಡ್ಸಿದ್ದಾರೆ. ಪಾಪ, ಅವರು ರೋಗಿಗಳನ್ನ ಯಾವಾಗ ನೋಡ್ತಿದ್ರೋ” ಎಂದ. ಆದರೂ ಕೊಂಡರು.

ಮೊದಲ ತಿಂಗಳಲ್ಲೇ ಕಾರು ತನ್ನ ಗುಣ ತೋರಿಸಿತು. ತಣ್ಣಗಿದ್ದಾಗ ಚೆನ್ನಾಗಿ ಹೊರಡುತ್ತಿತ್ತು. ಎರಡು ಮನೆ ಮುಗಿಸಿ ಬಂದು ಕೀ ತಿರುಗಿಸಿದರೆ ಸ್ಟಾರ್ಟರ್ ಸುಮ್ಮನೆ ಗರಗರ ತಿರುಗುತ್ತಿತ್ತು, ಎಂಜಿನ್ ಮಾತ್ರ ಜೀವ ತಳೆಯುತ್ತಿರಲಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೇನೋ ಎಂಬಂತೆ ಎದ್ದು ಕೂರುತ್ತಿತ್ತು. ಡ್ರೈವರ್ ಬಾಗಿಲಿನ ಗಾಜು ಮನಸ್ಸು ಬಂದಾಗ ಕೆಳಗೆ ಜಾರಿಬಿಡುತ್ತಿತ್ತು. ನಿಲ್ಲಿಸಿದ ಕಾರಿನ ಲಾಕು ಯಾರೂ ಮುಟ್ಟದಿದ್ದರೂ ಟಕ್ಕೆಂದು ತೆರೆದುಕೊಳ್ಳುತ್ತಿತ್ತು. ಸ್ಟಿಯರಿಂಗ್ ಸಡಿಲ ಬಿಟ್ಟರೆ ಕಾರು ಪಕ್ಕದ ಸೀಟಿನ ಕಡೆಗೇ ಎಳೆಯುತ್ತಿತ್ತು. ಮಳೆ ಬಂದ ಮರುದಿನ ಆ ಸೀಟಿನ ಕೆಳಗಿನ ಮ್ಯಾಟು ಹಿಂಡಿದರೆ ನೀರು.

ಬೀದಿಯ ಕೊನೆಯ ಗ್ಯಾರೇಜಿನವನಿಗೆ ಎಲ್ಲರೂ ಗ್ರೀಸಣ್ಣ ಎನ್ನುತ್ತಿದ್ದರು. ಅವನು ಪ್ರತಿಯೊಂದಕ್ಕೂ ಕಾರಣ ಹೇಳಿದ. ಎಂಜಿನ್ನಿನ ಒಂದು ಸೆನ್ಸರ್ ಬಿಸಿಗೆ ಸುಸ್ತಾಗುತ್ತದೆ. ಗಾಜು ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪು ಮುರಿದಿದೆ. ಬಾಗಿಲಿನ ವೈರು ಮಡಚಿ ಮಡಚಿ ಒಳಗೇ ಕತ್ತರಿಸಿದೆ. “ಈ ಮಾಡೆಲ್ಲಿಗೆಲ್ಲ ಇದೇ ಗೋಳು ಮೇಡಂ. ಒಂದು ಸರಿ ಮಾಡಿದ್ರೆ ಇನ್ನೊಂದು ಮುನಿಸ್ಕೊಳ್ಳುತ್ತೆ. ದೊಡ್ಡ ಕಾಯಿಲೆ ಅಲ್ಲ, ಚಿಲ್ಲರೆ ತೊಂದರೆ” ಎಂದು ಒಂದೊಂದನ್ನೇ ಸರಿಮಾಡುತ್ತ ಬಂದ.

ಮಳೆಗಾಲದ ಒಂದು ಬೆಳಿಗ್ಗೆ ಹೊಸ ಸದ್ದು ಶುರುವಾಯಿತು. ಸಣ್ಣಿ ಭಾವನನ್ನು ಅವನ ಕೆಲಸದ ಕಟ್ಟಡದ ಹತ್ತಿರ ಇಳಿಸಿ ಮುಂದೆ ಹೊರಟಿದ್ದಳು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು. ಸೀಟಿನಲ್ಲಿ ಕುಳಿತ ಪುಟ್ಟ ಮನುಷ್ಯನ ಚಿತ್ರ, ಎದೆಗೆ ಅಡ್ಡಲಾಗಿ ಬೆಲ್ಟು. ಜೊತೆಗೆ ಟಿಣ್, ಟಿಣ್ ಎಂಬ ಸದ್ದು. ವೇಗ ಹೆಚ್ಚಿಸಿದಂತೆ ಅದೂ ಅವಸರ ಮಾಡಿತು. ಪಕ್ಕದ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕಿಲ್ಲ ಎಂದು ಕಾರು ಹೇಳುತ್ತಿತ್ತು.

ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ತನ್ನ ಕೈಚೀಲದ ಭಾರಕ್ಕೆ ಇರಬೇಕೆಂದು ಅದನ್ನು ಹಿಂದಕ್ಕೆ ಎಸೆದಳು. ಸದ್ದು ನಿಲ್ಲಲಿಲ್ಲ.

ಸಂಜೆ ಭಾವ ಬಂದು ಕಾರು ಹತ್ತುವ ಮೊದಲೇ ಅವಳು ಹೇಳಿದಳು. ಅವನು ಮುಂದಿನ ಬಾಗಿಲಿನ ಮೇಲೆ ಕೈಯಿಟ್ಟವನು ತಡೆದು ನಿಂತ. “ಅಷ್ಟೂ ಗೊತ್ತಾಗಲ್ವಾ? ನಿಮ್ಮಕ್ಕ ಬಂದು ಕೂತಿದ್ದಾಳೆ. ಕಾರು ಕಾರು ಅಂತ ಪ್ರಾಣ ತಿಂದವಳು ಅವಳೇ ಅಲ್ವಾ. ಬೆಲ್ಟ್ ಹಾಕ್ಕೋ ಅಂದ್ರೆ ಕೇಳೋ ಜಾತಿನಾ ಅವಳು?”

ಇಬ್ಬರೂ ನಕ್ಕರು. ನಗು ಅರ್ಧಕ್ಕೇ ನಿಂತಿತು. ಭಾವ ಹಿಡಿದಿದ್ದ ಬಾಗಿಲು ಬಿಟ್ಟು, ಹಿಂದಿನ ಬಾಗಿಲು ತೆರೆದು ಹಿಂದೆಯೇ ಕೂತ. ಮನೆ ತಲುಪುವ ತನಕ ಅವರ ನಡುವೆ ಆ ಸದ್ದು ಮಾತ್ರ ಬಿಟ್ಟು ಬಿಟ್ಟು ಬರುತ್ತಿತ್ತು.

ಅಂದಿನಿಂದ ಅವನು ಹಿಂದಿನ ಸೀಟಿನವನಾದ. ಮೊದಮೊದಲು ಅದಕ್ಕೊಂದು ತಮಾಷೆ ಸೇರಿಸುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ. ಗ್ರೀಸಣ್ಣ ಕೇಳಿ ನಕ್ಕು, “ಸೀಟಿನೊಳಗೆ ಭಾರ ನೋಡೋ ಸೆನ್ಸರ್ ಇರುತ್ತೆ, ನೀರು ಹೋಗಿರ್ಬೇಕು. ಸುಮ್ನೆ ಬೆಲ್ಟ್ ಸಿಕ್ಕಿಸಿಟ್ಟುಬಿಡಿ, ಬಾಯಿ ಮುಚ್ಕೊಳ್ಳುತ್ತೆ” ಎಂದ.

“ಬೇಡ, ಇರ್ಲಿ” ಎಂದಳು ಸಣ್ಣಿ. 

ಸದ್ದು ಯಾವಾಗಲೂ ಇರುತ್ತಿರಲಿಲ್ಲ. ಒಣ ದಿನಗಳಲ್ಲಿ ಬೆಳಿಗ್ಗೆಯೆಲ್ಲ ಸುಮ್ಮನಿದ್ದು, ಯಾವುದೋ ತಿರುವಿನಲ್ಲಿ ತಟ್ಟನೆ ಎಚ್ಚರಾಗುತ್ತಿತ್ತು. ಆಗ ಸಣ್ಣಿಯ ಎದೆ ಹಗುರಾಗುತ್ತಿತ್ತು. “ಬಂದ್ಯಾ?” ಎನ್ನುತ್ತಿದ್ದಳು. ಆ ದಿನ ಯಾರ ಮನೆಗೆ ಹೋಗಬೇಕು, ಯಾರ ತಲೆಯಲ್ಲಿ ಹೊಸ ಕೂದಲು ಮೊಳೆತಿದೆ, ಯಾರ ಸೊಸೆ ಎಂಥ ಮಾತಾಡಿದಳು, ಎಲ್ಲವನ್ನೂ ಆ ಸೀಟಿಗೆ ಹೇಳುತ್ತಿದ್ದಳು. ಬದುಕಿಡೀ ಅಕ್ಕನ ಮಾತಿಗೆ ಹೂಂಗುಟ್ಟಿದವಳು ಈಗ ಮಾತು ಕಲಿತಿದ್ದಳು. ಎಷ್ಟೋ ಸಲ ಗಿರಾಕಿಯ ಮನೆ ಬಂದರೂ ಇಳಿಯದೆ, ಹೇಳುತ್ತಿದ್ದುದನ್ನು ಮುಗಿಸಿಯೇ ಇಳಿಯುತ್ತಿದ್ದಳು.

ಅವಳ ಗಿರಾಕಿಗಳಲ್ಲಿ ಒಬ್ಬಳು ಮುದುಕಿ. ಹಿಂದೆ ಶಾಲೆಯ ಹೆಡ್‌ಮಿಸ್ ಆಗಿದ್ದವಳು; ಸೊಂಟ ಮುರಿದು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದಳು. ಕಣ್ಣು ಮಂಜಾಗಿದ್ದರೂ ರಸ್ತೆಯಲ್ಲಿ ಓಡಾಡುವವರೆಲ್ಲ ತನ್ನ ತರಗತಿಯ ಮಕ್ಕಳು ಎಂಬಂತೆ ದಿನವಿಡೀ ಹೊರಗೆ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಸಣ್ಣಿ ಅವಳ ಹಣೆಗೆ ನೀರು ತಾಗದಂತೆ ಕೈ ಅಡ್ಡ ಹಿಡಿದು ತಲೆ ತೊಳೆಯುತ್ತಿದ್ದಾಗ ಮುದುಕಿ ಗದರುವ ದನಿಯಲ್ಲಿ ಹೇಳಿದಳು:

“ಪಾಪ, ಅವಳನ್ನ ಯಾಕೆ ಕಾರಲ್ಲೇ ಬಿಟ್ಟು ಬರ್ತೀಯ? ಬಿಸಿಲು ಹೇಗಿದೆ ನೋಡು. ಒಳಗೆ ಕರಿ.”

ಸಣ್ಣಿ ಮಗ್ಗನ್ನು ಬೇಸಿನ್ನಿನಲ್ಲಿಟ್ಟಳು. “ಯಾರನ್ನ ಅಮ್ಮ?”

“ಅದೇ, ನಿನ್ನ ಜೊತೆ ಬರ್ತಾಳಲ್ಲ. ಪಕ್ಕದಲ್ಲಿ ಕೂತಿರ್ತಾಳೆ. ತೊಡೆ ಮೇಲೆ ಏನೋ ಇಟ್ಕೊಂಡು, ಬಗ್ಗಿ ನೋಡ್ತಾ ಇರ್ತಾಳೆ. ಇಳಿಯೋದೇ ಇಲ್ಲ.”

ಅಕ್ಕ ಎಲ್ಲಿ ಹೋದರೂ ತನ್ನ ಕಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಿದ್ದಳು. ಬಸ್ಸಿನಲ್ಲಿ, ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ, ಎಲ್ಲೆಡೆ. ಸಣ್ಣಿಗೆ ಮೈ ಜುಮ್ಮೆಂದಿತು. ಭಯಕ್ಕಲ್ಲ. ಕೂದಲು ಒರೆಸಿ, ಬಾಚಿ, ಮುದುಕಿಯ ಕೆನ್ನೆ ಸವರಿ ಓಡುವಂತೆ ಮೆಟ್ಟಿಲಿಳಿದಳು. ಕಾರಿನಲ್ಲಿ ಬಿಸಿಲಿಗೆ ಕಾದ ಸೀಟು ಖಾಲಿಯಿತ್ತು. ಅದರ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಅಷ್ಟು ಸಾಕಾಯಿತು ಅವಳಿಗೆ.

ಅದನ್ನು ಭಾವನಿಗೆ ಹೇಳಿದಾಗ ಅವನು ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ. “ಚೀಲ ಕಂಡ್ತಂತಾ?” ಎಂದಷ್ಟೇ ಕೇಳಿದ. ಮರುದಿನದಿಂದ, ಕಾರು ಇಳಿದು ಹೋಗುವಾಗ ಅವನು ಮುಂದಿನ ಕಿಟಕಿಯ ಗಾಜನ್ನು ಎರಡು ಬೆರಳಲ್ಲಿ ತಟ್ಟಿ ಹೋಗುತ್ತಿದ್ದ. ಯಾರಿಗೆ ತಟ್ಟುತ್ತಿದ್ದಾನೆಂದು ಇಬ್ಬರಿಗೂ ಗೊತ್ತಿತ್ತು.

ಹೀಗೆ ಕೆಲವು ತಿಂಗಳು ನಡೆಯಿತು. ಆದರೆ ಆ ಸೀಟಿನ ಕೆಳಗಿನ ನೀರು ನಿಲ್ಲಲಿಲ್ಲ. ಮ್ಯಾಟಿನ ಕೆಳಗೆ ಬೂಷ್ಟು ಹಿಡಿದು ಕಾರಿನಲ್ಲೆಲ್ಲ ಒದ್ದೆ ಬಟ್ಟೆಯ ವಾಸನೆ. ಹಾಸಿಗೆ ಹಿಡಿದವರ ಹತ್ತಿರ ಹೋಗುವವಳು, ಟವೆಲ್ಲಿಗೆ ಆ ವಾಸನೆ ಹತ್ತುವಂತಿಲ್ಲ. ಗ್ರೀಸಣ್ಣ ಬಾಗಿಲಿನ ರಬ್ಬರು ಬದಲಾಯಿಸಿ ಸೋತು, “ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರ್ತಾನೇ ಇಲ್ಲ. ಇದು ನನ್ನ ಕೆಲಸ ಅಲ್ಲ, ಟಿಂಕರ್ ನೋಡ್ಬೇಕು” ಎಂದು ಪಕ್ಕದ ಬೀದಿಗೆ ಕಳಿಸಿದ.

ಟಿಂಕರ್ ಎಂದರೆ ಗುದ್ದಿದ ಕಾರುಗಳ ತಗಡು ಬಡಿದು ನೇರ ಮಾಡುವವನು. ಅವನ ಶೆಡ್ಡಿನಲ್ಲಿ ಸುತ್ತಿಗೆಯ ಸದ್ದಿಗೆ ಅವನಿಗೇ ಕಿವಿ ಮಂದವಾಗಿತ್ತು. ಎಲ್ಲವನ್ನೂ ಕೂಗಿ ಹೇಳುತ್ತಿದ್ದ. ಬಾಗಿಲ ಬುಡದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ರಬ್ಬರು ಕಿತ್ತು, ಒಳಗಿನ ತಗಡಿನ ಮೇಲೆ ಬೆರಳಾಡಿಸಿದ. ಬೆರಳು ಒಂದು ಕಡೆ ನಿಂತಿತು. ಎದ್ದು ಕಾರಿನ ಸುತ್ತ ಒಂದು ಸುತ್ತು ಬಂದ. ಆಮೇಲೆ, ಆ ಮನುಷ್ಯನ ಬಾಯಲ್ಲಿ ಅವಳು ಕೇಳಿದ ಮೊದಲ ಮೆಲುದನಿಯಲ್ಲಿ, “ಇದನ್ನ ಎಲ್ಲಿ ತಗೊಂಡ್ರಿ?” ಎಂದು ಕೇಳಿದ.

“ಯಾಕೆ?”

“ಈ ಬೆಸುಗೆ ನಂದು. ಈ ಗಾಡಿ ನನ್ನ ಕೈಯಿಂದ ಹೋಗಿರೋದು. ಬಣ್ಣ ಬದಲಾಯಿಸಿದ್ದಾರೆ, ಅದಕ್ಕೆ ಗುರುತು ಸಿಗಲಿಲ್ಲ.”

ಅವಳು ಸ್ಟೂಲಿನ ಮೇಲೆ ಕೂತಳು. ಅವನು ಹೇಳಿದ. ಸೇತುವೆ ದಾಟಿದ ಮೇಲೆ ಒಂದು ಬೇಕರಿ ಇದೆ. ಗಂಡ ಹೆಂಡತಿ ನಡೆಸುತ್ತಿದ್ದರು, ಕಾರು ಅವರದು. ಕೇಕು ಮನೆಗಳಿಗೆ ತಲುಪಿಸುವುದಕ್ಕೆ ಇಟ್ಟುಕೊಂಡಿದ್ದರು. ಅವನು ಓಡಿಸುತ್ತಿದ್ದ, ಅವಳು ಕೇಕಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡದಂತೆ ಹಿಡಿದು ಕೂರುತ್ತಿದ್ದಳು.

“ಡಬ್ಬಿ ಇದ್ರೆ ಬೆಲ್ಟ್ ಹಾಕೋಕಾಗಲ್ಲ ನೋಡಿ, ಒತ್ತುತ್ತೆ. ಕಾರು ಕಿರುಚುತ್ತೆ ಅಂತ ಬಕಲಿಗೆ ಬೆಲ್ಟೇ ಇಲ್ಲದ ಒಂದು ಸುಳ್ಳು ನಾಲಿಗೆ ಸಿಕ್ಕಿಸಿದ್ರು. ಅಂಗಡೀಲಿ ಸಿಗುತ್ತೆ ಅಂಥದ್ದು. ಒಂದಿನ ತಿರುವಲ್ಲಿ ನೀರಿನ ಟ್ಯಾಂಕರ್ ಬಂದು ಈ ಕಡೆಯಿಂದ ಗುದ್ತು. ಅವನಿಗೆ ಒಂದು ಗೀರೂ ಆಗ್ಲಿಲ್ಲ. ಆ ನಾಲಿಗೆ ಬಕಲಲ್ಲಿ ಹಾಗೇ ಕೂತಿತ್ತು, ನಾನೇ ಎಳೆದು ತೆಗೆದೆ.”

ಸಣ್ಣಿ ಪಕ್ಕದ ಸೀಟಿನತ್ತ ಬೆರಳು ತೋರಿಸಿದಳು. “ಈ ಸೀಟು?”

ಟಿಂಕರ್ ನೆಲ ನೋಡಿದ. “ಕಬ್ಬಿಣ ನೆಟ್ಟಗಿತ್ತು. ಬಟ್ಟೆ ಮಾತ್ರ ಬದಲಾಯಿಸಿದ್ವಿ.”

ಅಲ್ಲಿಂದ ಹೊರಟು ಬೀದಿ ತಿರುಗುತ್ತಿದ್ದಂತೆ ಕೆಂಪು ದೀಪ ಹತ್ತಿತು. ಟಿಣ್, ಟಿಣ್. ಅದೇ ಸದ್ದು, ಇಷ್ಟು ದಿನ ಅವಳ ಎದೆ ಹಗುರ ಮಾಡಿದ ಸದ್ದು. ಸಣ್ಣಿ ಕಾರನ್ನು ಬದಿಗೆ ತಂದು ನಿಲ್ಲಿಸಿದಳು. ಪಕ್ಕಕ್ಕೆ ತಿರುಗಲು ಧೈರ್ಯ ಬರಲಿಲ್ಲ. ಮುದುಕಿಯ ಮಾತು ನೆನಪಾಯಿತು. ತೊಡೆ ಮೇಲೆ ಏನೋ ಇಟ್ಕೊಂಡು, ಬಗ್ಗಿ ನೋಡ್ತಾ ಇರ್ತಾಳೆ.

“ಯಾರಮ್ಮ ನೀನು?” ಎಂದಳು, ಮುಂದಿನ ಗಾಜನ್ನೇ ನೋಡುತ್ತ.

ಸತ್ತ ಹೆಂಗಸಿನ ಬಗ್ಗೆ ಅವಳಿಗೆ ಹೆದರಿಕೆಯಾಗಲಿಲ್ಲ. ಸಾಯುತ್ತಿರುವವರ ತಲೆಗಳನ್ನು ಎಷ್ಟೋ ಸಲ ಮಡಿಲಲ್ಲಿ ಹಿಡಿದವಳು ಅವಳು. ಎದೆಯಲ್ಲಿ ತಣ್ಣಗೆ ಇಳಿದದ್ದು ಬೇರೆ ಪ್ರಶ್ನೆ. ಇಷ್ಟು ದಿನ ಇಲ್ಲಿ ಕೂತವಳು ಇವಳಾದರೆ, ಅಕ್ಕ ಎಲ್ಲಿ? ತಾನು ಹೇಳಿದ್ದೆಲ್ಲ ಯಾರ ಕಿವಿಗೆ ಹೋಯಿತು? ಪರರ ಹೆಂಡತಿ, ಪರರ ಸಾವು. ಅದರ ಮೇಲೆ ತಾನು ತನ್ನ ಅಕ್ಕನನ್ನು ಕೂರಿಸಿದ್ದೆ ಎಂದು ಕದ್ದು ಸಿಕ್ಕಿಬಿದ್ದವಳ ಹಾಗೆ ನಾಚಿಕೆಯಾಯಿತು.

ಭಾವನಿಗೆ ಏನೂ ಹೇಳಲಿಲ್ಲ. ಅವನು ಗಾಜು ತಟ್ಟಿ ಹೋಗುವಾಗಲೆಲ್ಲ ಅವಳು ಬೇರೆ ಕಡೆ ನೋಡುತ್ತಿದ್ದಳು. ಈಗ ಸದ್ದು ಶುರುವಾದರೆ ಅವಳು ಮಾತಾಡುತ್ತಿರಲಿಲ್ಲ. ಸುಮ್ಮನೆ, ಪರಿಚಯವಿಲ್ಲದವರ ಜೊತೆ ಲಿಫ್ಟಿನಲ್ಲಿ ನಿಂತ ಹಾಗೆ ಕೂತು ಓಡಿಸುತ್ತಿದ್ದಳು. ತಿರುವುಗಳಲ್ಲಿ ಮಾತ್ರ ತುಂಬ ನಿಧಾನಿಸುತ್ತಿದ್ದಳು, ಪಕ್ಕದವರ ಮಡಿಲಿನದು ಅಲುಗಾಡಬಾರದು ಎಂಬಂತೆ. ಹಿಂದಿನವರು ಹಾರ್ನ್ ಬಡಿದು ಬೈಯುತ್ತಿದ್ದರು.

ಕೊನೆಗೆ ಒಂದು ಬೆಳಿಗ್ಗೆ ಸೇತುವೆ ದಾಟಿ ಆ ಬೇಕರಿಯ ಎದುರು ಕಾರು ನಿಲ್ಲಿಸಿದಳು. ಏನು ಕೇಳಬೇಕು, ಏನು ಹೇಳಬೇಕು ಎಂದು ತಿಳಿದಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಬ್ರೆಡ್ಡು, ಬನ್ನು, ಬಿಸ್ಕತ್ತು. ಕೇಕು ಒಂದೂ ಇರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿದ್ದವನು ಅವಳ ವಯಸ್ಸಿನವನೇ. ಮೊಣಕೈವರೆಗೆ ಹಿಟ್ಟು, ಕೂದಲು ಕಿವಿ ಮುಚ್ಚುವಷ್ಟು ಬೆಳೆದಿತ್ತು. ಎಷ್ಟೋ ಕಾಲದಿಂದ ಯಾರೂ ಮುಟ್ಟದ ತಲೆ ಎಂದು ಅವಳ ಕಣ್ಣಿಗೆ ಕೂಡಲೇ ಹೊಳೆಯಿತು.

“ಒಂದು ಬ್ರೆಡ್ಡು ಕೊಡಿ” ಎಂದಳು. ಅವನು ಕೊಟ್ಟ. ಅವಳು ಹೊರಗೆ ತೋರಿಸಿದಳು. “ಆ ಕಾರು... ಮುಂಚೆ ನಿಮ್ಮದಾಗಿತ್ತಂತೆ.”

ಅವನು ಕಾರನ್ನು ನೋಡಿದ. ಬಣ್ಣ ನೋಡಿದನೋ, ಆಕಾರ ನೋಡಿದನೋ. “ಇಲ್ಲ, ಯಾರೋ ತಪ್ಪು ಹೇಳಿದ್ದಾರೆ. ನನ್ನ ಹತ್ರ ಕಾರೇ ಇರ್ಲಿಲ್ಲ” ಎಂದ. ದನಿಯಲ್ಲಿ ಏನೂ ಇರಲಿಲ್ಲ. ಚಿಲ್ಲರೆ ಮಾತ್ರ ಅವಳು ಕೊಟ್ಟಿದ್ದಕ್ಕಿಂತ ಹೆಚ್ಚು ಎಣಿಸಿಟ್ಟ.

ಅವಳು ಕ್ಷಮೆ ಕೇಳಿ ಹೊರಬಂದಳು. ಕಾರು ಹೊರಟು ನಾಲ್ಕು ಮಾರು ಹೋಗಿರಲಿಲ್ಲ, ಸದ್ದು ಶುರುವಾಯಿತು. ಕಿಟಕಿಯ ಗಾಜು ಮತ್ತೆ ಜಾರಿತ್ತು. ಸದ್ದು ಬೀದಿಗೇ ಕೇಳುತ್ತಿತ್ತು. ಕನ್ನಡಿಯಲ್ಲಿ ನೋಡಿದಳು. ಬೇಕರಿಯವನು ಬಾಗಿಲಿಗೆ ಬಂದು ನಿಂತಿದ್ದ. ಎರಡೂ ಕೈ ಕಿವಿಗಳ ಮೇಲೆ. ಆಮೇಲೆ ಒಳಗೆ ಸರಿದು, ಗಿರಾಕಿಗಳು ಬರುವ ಹೊತ್ತಿನಲ್ಲೇ ಶಟರ್ ಎಳೆದುಬಿಟ್ಟ.

ಅವನು ಹೇಗೋ ಮುಚ್ಚಿಟ್ಟದ್ದನ್ನು ತಾನು ಅವನ ಬಾಗಿಲಿಗೇ ಹೊತ್ತು ತಂದೆ ಎಂದು ಸಣ್ಣಿಗೆ ಅನಿಸಿತು. ಹಲವು ಗಿರಾಕಿಗಳ ಮನೆಗೆ ಅದೇ ದಾರಿ. ಅವಳು ನೇರ ಗ್ರೀಸಣ್ಣನ ಬಳಿಗೆ ಹೋದಳು. “ಆ ಸದ್ದು ತೆಗೆದುಬಿಡಿ” ಎಂದಳು. ಅವನು ಸೀಟು ಬಿಚ್ಚಿ, ಹಸಿರು ಹಿಡಿದ ವೈರಿನ ತುದಿ ತೋರಿಸಿ, ಒಳಗಿನ ಸೆನ್ಸರ್ ಹೊರಗೆಳೆದು ಹೊಸದು ಹಾಕಿದ. ಕೆಂಪು ದೀಪ ಆರಿತು.

ಆ ಸಂಜೆ ಭಾವ ಹಿಂದಿನ ಸೀಟಿನಲ್ಲಿ ಕೂತ. ಕಾರು ಹೊರಟಿತು. ಸಿಗ್ನಲ್ ದಾಟಿತು, ತಿರುವು ದಾಟಿತು. ಸದ್ದಿಲ್ಲ. ಮನೆಯ ಹತ್ತಿರ ಬಂದಾಗ ಅವನು ಕೇಳಿದ. “ಇವತ್ತು ಬರ್ಲಿಲ್ವಾ?”

“ಸರಿ ಮಾಡಿಸಿದೆ ಭಾವ.”

“ಯಾರನ್ನ ಕೇಳಿ ಸರಿ ಮಾಡಿಸಿದೆ?”

ಅಷ್ಟು ವರ್ಷಗಳಲ್ಲಿ ಅವನು ಅವಳ ಮೇಲೆ ದನಿಯೇರಿಸಿದ್ದು ಅದೇ ಮೊದಲು. ಅವಳು ಕಾರು ನಿಲ್ಲಿಸಿದಳು. ತಿರುಗಿ ಕೂತು ಎಲ್ಲವನ್ನೂ ಹೇಳಿದಳು. ಬೇಕರಿ, ಕೇಕಿನ ಡಬ್ಬಿ, ಸುಳ್ಳು ನಾಲಿಗೆ, ಬದಲಾಯಿಸದ ಸೀಟು.  “ಅದು ಅಕ್ಕ ಆಗಿರ್ಲಿಲ್ಲ ಭಾವ. ನಾವು ಬೇರೆ ಯಾರನ್ನೋ...”

ಭಾವ ಮುಂದಿನ ಖಾಲಿ ಸೀಟಿನ ಬೆನ್ನಿಗೆ ಕೈಯಿಟ್ಟ.

“ನಾನು ಲಿಫ್ಟ್ ರಿಪೇರಿಯವನು ಸಣ್ಣಿ” ಎಂದ. “ದಿನಾ ಎಷ್ಟು ಖಾಲಿ ಲಿಫ್ಟು ಭಾರ ಜಾಸ್ತಿಯಾಯ್ತು ಅಂತ ಬಾಯಿ ಬಡ್ಕೊಳ್ಳುತ್ತೆ ಗೊತ್ತಾ? ಅದು ವೈರು ಅಂತ ನನಗೆ ಮೊದಲ ದಿನವೇ ಗೊತ್ತಿತ್ತು.”

“ಮತ್ತೆ ಗಾಜು ತಟ್ತಿದ್ರಲ್ಲ?”

“ಗೊತ್ತಿದ್ರೆ ತಟ್ಟಬಾರ್ದಾ?”

ಅವನು ಇಳಿದು ಮನೆಯೊಳಗೆ ಹೋದ. ಅವಳು ಎಂಜಿನ್ ತಣ್ಣಗಾಗುವ ಟಿಕ್ಕು ಟಿಕ್ಕು ಸದ್ದು ಕೇಳುತ್ತ ಕೂತಿದ್ದಳು.

ಆ ವಾರ ಹೆಡ್‌ಮಿಸ್ ಮನೆಗೆ ಹೋಗುವ ಸರದಿ ಬಂತು. ಕೂದಲು ಕತ್ತರಿಸಿ ಮುಗಿಸಿದ ಮೇಲೆ ಸಣ್ಣಿ ಮುದುಕಿಯ ತಲೆಯನ್ನು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿದಳು. “ಅಮ್ಮ, ಇವತ್ತು ಕಾರಲ್ಲಿ ಯಾರಾದ್ರೂ ಇದ್ದಾರಾ ನೋಡಿ.”

ಮುದುಕಿ ಕಣ್ಣು ಕಿರಿದಾಗಿಸಿ ನೋಡಿದಳು. “ಇಲ್ಲ” ಎಂದಳು. ಆಮೇಲೆ ಚಿಂತೆಯಿಂದ, “ಅಯ್ಯೋ, ಎಲ್ಲಿ ಇಳಿಸಿದೆ ಅವಳನ್ನ?” ಎಂದು ಕೇಳಿದಳು.

ಸಣ್ಣಿ ಸಾಮಾನು ಕಟ್ಟಿಕೊಂಡು ಇಳಿದು, ಕಾರಿನಲ್ಲಿ ಕೂತು, ಬಾಗಿಲು ಎಳೆದುಕೊಂಡಳು. ಅಲ್ಲಿ ಏನೂ ಕೇಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅಕ್ಕನ ತಲೆ ಬೋಳಿಸಿದ ದಿನ ಅಂಗೈಗೆ ತಗುಲಿದ ಆ ಬೆಚ್ಚನೆಯ, ಬರಿದಾದ ತಲೆಯ ನೆನಪು ಎಲ್ಲಿಂದಲೋ ಬಂತು. ಅವಳು ಸ್ಟಿಯರಿಂಗಿಗೆ ಹಣೆ ಒತ್ತಿ ಅತ್ತಳು. ಅಕ್ಕ ಸತ್ತು ಒಂದು ವರ್ಷಕ್ಕೂ ಮೇಲಾಗಿತ್ತು. ದಾರಿಹೋಕರು ನೋಡಿದರು, ಒಬ್ಬಳು ಗಾಜು ತಟ್ಟಿ “ನೀರು ಬೇಕಾ?” ಎಂದು ಕೇಳಿದಳು. ಬೇಡವೆಂದು ಕೈಯಾಡಿಸಿ ಇನ್ನೂ ಅತ್ತಳು.

ಕೆಲವು ದಿನ ಭಾವ ಬಸ್ಸಿನಲ್ಲೇ ಹೋದ. ಒಂದು ಭಾನುವಾರ ಚಪ್ಪಲಿ ಮೆಟ್ಟುತ್ತ, “ಆ ಬೇಕರಿ ಎಲ್ಲಿ ಅಂದೆ?” ಎಂದು ಕೇಳಿದ. ಅಲ್ಲಿಗೆ ಹೋಗಿ ಏನು ಮಾತಾಡಿದನೆಂದು ಹೇಳಲಿಲ್ಲ. ಬರುವಾಗ ಕೈಯಲ್ಲಿ ಬನ್ನುಗಳಿದ್ದವು. “ಅವನ ಓವನ್ನಿನ ಬಾಗಿಲಿನ ಸ್ವಿಚ್ಚು ಹಾಳಾಗಿತ್ತು, ಹಾಕ್ಕೊಟ್ಟೆ” ಎಂದ. ಮುಂದಿನ ಭಾನುವಾರವೂ ಹೋದ. ಆಮೇಲೆ ಅದು ರೂಢಿಯಾಯಿತು. ಇಬ್ಬರೂ ಅಂಗಡಿಯ ಹಿಂದೆ ಹಿಟ್ಟಿನ ಚೀಲಗಳ ಮೇಲೆ ಕೂತು ಚಹಾ ಕುಡಿಯುತ್ತಾರೆಂದು ಅವಳಿಗೆ ಕ್ರಮೇಣ ತಿಳಿಯಿತು.

“ಹೆಂಡ್ತಿ ವಿಷಯ ಮಾತಾಡ್ತಾರಾ?”

“ಇಲ್ಲಪ್ಪ. ಯೀಸ್ಟ್ ವಿಷಯ, ಲಿಫ್ಟ್ ವಿಷಯ. ಹೆಂಡ್ತಿ ವಿಷಯ ಇಬ್ಬರೂ ಮಾತಾಡದೇ ಇರ್ತೀವಿ. ಒಬ್ಬನೇ ಮಾತಾಡದೇ ಇರೋದಕ್ಕೂ ಇದಕ್ಕೂ ವ್ಯತ್ಯಾಸ ಇದೆ.”

ಬೇಕರಿಯವನು ಒಂದು ದಿನವೂ ಕಾರಿನ ಮಾತೆತ್ತಲಿಲ್ಲ. ಸಣ್ಣಿ ಆ ಬೀದಿಯನ್ನು ಬಿಟ್ಟು ಸುತ್ತು ಹಾಕಿಕೊಂಡೇ ಹೋಗುತ್ತಿದ್ದಳು. ಆದರೆ ಒಂದು ಭಾನುವಾರ ಮುಖ್ಯ ರಸ್ತೆ ಅಗೆದಿದ್ದರು. ಬೇರೆ ದಾರಿಯಿಲ್ಲದೆ ಸೇತುವೆ ದಾಟಿ ಬಂದವಳು, ಬೇಕರಿ ಕಣ್ಣಿಗೆ ಬಿದ್ದ ಕೂಡಲೇ ವೇಗ ಹೆಚ್ಚಿಸಿ ಸರಿದುಹೋಗಬೇಕೆಂದುಕೊಂಡಳು. ಎಂಜಿನ್ ಎರಡು ಸಲ ಕೆಮ್ಮಿತು. ಸರಿಯಾಗಿ ಅಂಗಡಿಯ ಎದುರಿಗೆ ಬಂದು ಸತ್ತು ನಿಂತಿತು. ಕೀ ತಿರುಗಿಸಿದಳು, ಟಕ್ ಎಂದಿತಷ್ಟೆ. ಬ್ಯಾಟರಿಯಲ್ಲೂ ಜೀವವಿಲ್ಲ.

ಅಂಗಡಿಯ ಹಿಂದಿನಿಂದ ಭಾವ ಹೊರಬಂದ, ಅವನ ಹಿಂದೆ ಬೇಕರಿಯವನು. ಬೇಕರಿಯವನು ಮೆಟ್ಟಿಲ ಮೇಲೇ ನಿಂತ. ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು ಸಣ್ಣಿಗೆ.

“ತಳ್ಳಬೇಕು ಕಣೋ, ಒಬ್ಬನಿಗೇ ಆಗಲ್ಲ” ಎಂದ ಭಾವ, ಅವನ ಕಡೆ ನೋಡದೆ, ತೋಳು ಮಡಚುತ್ತ.

ಬೇಕರಿಯವನು ಇಳಿದು ಬಂದ. ಕಾರಿನ ಸುತ್ತ ಬರಲಿಲ್ಲ, ಒಳಗೆ ಇಣುಕಲಿಲ್ಲ. ಪಕ್ಕದ ಸೀಟಿನ ಬಾಗಿಲ ಹತ್ತಿರ ಬಂದು ಒಂದು ಕ್ಷಣ ನಿಂತು, ಆಮೇಲೆ ಹಿಂದೆ ಹೋಗಿ ಎರಡು ಅಂಗೈಗಳನ್ನೂ ಹಿಂಬಾಗಿಲ ಮೇಲಿಟ್ಟ.

“ಎರಡನೇ ಗೇರಲ್ಲಿ ಹಾಕಿ ಕ್ಲಚ್ ಒತ್ತಿ ಇಟ್ಕೊಳ್ಳಿ” ಎಂದು ಕೂಗಿದ. ದನಿ ಒಡೆದಿತ್ತು, ಆದರೆ ಜೋರಾಗಿಯೇ ಇತ್ತು. “ನಾನು ಹೇಳಿದಾಗ ಬಿಡಿ. ಈ ಗಾಡಿಗೆ ಎರಡೇ ಸರಿ, ಒಂದರಲ್ಲಿ ಎದ್ದೇಳಲ್ಲ.”

ಕನ್ನಡಿಯಲ್ಲಿ ಎರಡು ಬಗ್ಗಿದ ತಲೆಗಳು ಕಾಣುತ್ತಿದ್ದವು. ಕಾರು ಅಲುಗಿತು, ಉರುಳಿತು, ಇಳಿಜಾರು ಹಿಡಿಯಿತು.

“ಈಗ!” ಎಂದ ಬೇಕರಿಯವನು.

ಅವಳು ಕ್ಲಚ್ ಬಿಟ್ಟಳು.